ಅತ್ತೆಯನ್ನು ಮಲಗಿಸಿದ ಎಣ್ಣೆ

ನಮ್ಮ ಚಿಕ್ಕಪ್ಪ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಮುಖ ಕೆಂಪಗೆ ಮಾಡಿಕೊಂಡು ಬಂದವರನ್ನು ಕೂರಿಸಿಕೊಂಡು, ನೀರು ಎಲ್ಲಿ ಹುಟ್ಟುತ್ತದೆ, ಯಾವ ಕೊಳವೆಯಲ್ಲಿ ಹೇಗೆ ತಿರುಗುತ್ತದೆ, ಯಾವ ತಿರುವಿನಲ್ಲಿ ಅದಕ್ಕೆ ಗಾಳಿ ಅಡ್ಡ ಬರುತ್ತದೆ ಎಂದು ವಿವರಿಸುವುದು ಅವರ ಕೆಲಸ. ಹೀಗೆ ವಿವರಿಸಬೇಕೆಂದು ಇಲಾಖೆ ಹೇಳಿರಲಿಲ್ಲ. ಅದು ಅವರು ತಾವಾಗಿಯೇ ಹೊತ್ತುಕೊಂಡ ಹೊಣೆ. ಬಂದವರು ಕೊನೆಗೆ, "ಆಯ್ತು ಸ್ವಾಮಿ, ನೀರು ಬಂದಾಗ ಬರಲಿ, ನಮ್ಮನ್ನ ಬಿಟ್ಟುಬಿಡಿ" ಎಂದು ಕೈಮುಗಿದು ಹೋಗುತ್ತಿದ್ದರು. ಚಿಕ್ಕಪ್ಪನ ಮೇಜಿಗೆ ಬಂದ ದೂರು ಎರಡನೇ ಸಲ ಬರುವುದಿಲ್ಲವೆಂದು ಮೇಲಧಿಕಾರಿಗೆ ಅವರ ಮೇಲೆ ಬಹಳ ಅಭಿಮಾನವಿತ್ತು.

ಆಗ ನಾನು ದಾದಿಯರ ತರಬೇತಿಗೆ ಸೇರಿದ್ದೆ. ಚಿಕ್ಕಪ್ಪನ ಮನೆಯ ಮುಂದಿನ ಕೋಣೆಯಲ್ಲಿ ನನಗೊಂದು ಮಂಚ ಹಾಕಿಕೊಟ್ಟಿದ್ದರು. ಮೂರು ಅಂತಸ್ತಿನ ಹಳೆಯ ಕಟ್ಟಡ. ಮರದ ಮೆಟ್ಟಿಲು, ಯಾರು ಹತ್ತಿದರೂ ಯಾರೆಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಒಂದು ಮನೆಯ ರೇಡಿಯೊ ಮೂರು ಮನೆಗೆ ಸಾಕಾಗುತ್ತಿತ್ತು. ಒಬ್ಬರ ಮನೆಯಲ್ಲಿ ಸೀನಿದರೆ ಇನ್ನೊಬ್ಬರ ಮನೆಯಿಂದ "ಶೀತಾನಾ?" ಎಂದು ಕೇಳುತ್ತಿದ್ದರು. ಈಗ ನಾನಿರುವ ಮನೆಯ ಗೋಡೆಗಳು ಬಹಳ ದಪ್ಪ. ಎಷ್ಟು ಸೀನಿದರೂ ಕೇಳುವವರಿಲ್ಲ.

ಆ ವರ್ಷ ಚಿಕ್ಕಮ್ಮನ ತಾಯಿ ಈ ಮನೆಗೆ ಬಂದರು. ನಾನೂ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅಜ್ಜಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮೊದಲು ಮಗನ ಮನೆಯಲ್ಲಿದ್ದರು. ಅಲ್ಲಿ ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರಂತೆ. ಸೊಸೆಗೆ ತಲೆ ಕೆಟ್ಟಿತು. "ಸ್ವಲ್ಪ ದಿನ ನಿನ್ನ ಹತ್ರ ಇರಲಿ" ಎಂದು ಮಗ ಅಜ್ಜಿಯನ್ನು ಚಿಕ್ಕಮ್ಮನ ಮನೆಗೆ ಬಿಟ್ಟುಹೋದ. ಹೋಗುವಾಗ, "ಇಲ್ಲೂ ಸರಿಹೋಗದಿದ್ರೆ ದೊಡ್ಡಾಸ್ಪತ್ರೆಗೆ ಸೇರಿಸೋಣ. ಅಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರಂತೆ" ಎಂದ. ಅಜ್ಜಿ ತಮ್ಮ ಚೀಲವನ್ನು ಬಿಚ್ಚಲೇ ಇಲ್ಲ. ಬಾಗಿಲ ಹಿಂದೆ ಹಾಗೆಯೇ ಇಟ್ಟುಕೊಂಡರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಒಂದು ದಿನ ಮೆಟ್ಟಿಲ ಮೇಲೆ ಕಾಲು ಜಾರಿ, ಕಂಬಿ ಹಿಡಿದು ಹೇಗೋ ಉಳಿದುಕೊಂಡರು. ಅವತ್ತು ಚಿಕ್ಕಮ್ಮ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ಚಿಕ್ಕಪ್ಪ ನೋಡಿದರು.

ಕಥೆ ಶುರುವಾದದ್ದು ಅಲ್ಲಿಂದ. ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಕೂತಿದ್ದಾಗ ಚಿಕ್ಕಪ್ಪನ ಕೈಗೆ ಮುಂದಿನ ಹಿಂದಿನ ಪುಟಗಳಿಲ್ಲದ ಒಂದು ವಾರಪತ್ರಿಕೆ ಸಿಕ್ಕಿತು. ಸುವಾಸನೆಯ ಗಿಡಗಳ ಎಣ್ಣೆಯನ್ನು ಮೂಸಿದರೆ ಮನಸ್ಸು ಹಗುರಾಗಿ ನಿದ್ದೆ ಬರುವುದಕ್ಕೆ ಸಹಾಯವಾಗಬಹುದು ಎಂದು ಅದರಲ್ಲಿ ಅರ್ಧ ಲೇಖನವಿತ್ತು. ಉಳಿದರ್ಧವನ್ನು ಕ್ಷೌರಿಕ ಕತ್ತಿ ಒರೆಸಿ ಬಿಸಾಕಿದ್ದ. ಅರ್ಧ ಓದಿದ ಮನುಷ್ಯನಿಗೆ ಇರುವಷ್ಟು ಧೈರ್ಯ ಪೂರ್ತಿ ಓದಿದವನಿಗೆ ಇರುವುದಿಲ್ಲ. ಚಿಕ್ಕಪ್ಪ ಗಡ್ಡವನ್ನೂ ಅರ್ಧಕ್ಕೇ ಬಿಟ್ಟು ಎದ್ದರೋ ಏನೋ, ಒಂದು ಕೆನ್ನೆ ನುಣ್ಣಗೆ ಒಂದು ಕೆನ್ನೆ ಒರಟಾಗಿ, ಕೈಯಲ್ಲೊಂದು ಪುಟ್ಟ ಸೀಸೆ ಹಿಡಿದು ಮನೆಗೆ ಬಂದರು.

"ಲ್ಯಾವೆಂಡರ್!" ಎಂದರು.

"ಅದ್ಯಾರ್ರೀ?" ಎಂದರು ಚಿಕ್ಕಮ್ಮ ಒಳಗಿನಿಂದ.

"ಯಾರೂ ಅಲ್ಲ ಕಣೇ, ಎಣ್ಣೆ. ಇದರೊಳಗೆ ಲಿನಾಲೂಲ್ ಅಂತ ಒಂದು ಅಂಶ ಇದೆ."

"ಇರಲಿ ಬಿಡಿ. ಉಪ್ಪು ತರೋಕೆ ಹೇಳಿದ್ನಲ್ಲ, ತಂದ್ರಾ?"

ಉಪ್ಪು ತಂದಿರಲಿಲ್ಲ. ಅವತ್ತಿನ ಊಟ ಸಪ್ಪೆಯಾಯಿತು, ಅಜ್ಜಿಯ ತಲೆದಿಂಬು ಘಮಘಮಿಸಿತು.

ಇಲ್ಲಿ ಒಂದು ಮಾತು ಹೇಳಬೇಕು. ಇಡೀ ಊರಿಗೆ ಕೊಳವೆಯ ಚರಿತ್ರೆ ಹೇಳುತ್ತಿದ್ದ ಚಿಕ್ಕಪ್ಪನಿಗೆ ಅತ್ತೆಯ ಎದುರಿಗೆ ಮಾತ್ರ ನಾಲಗೆ ಏಳುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹತ್ತಿದ ಸಂಕೋಚ ಕೂದಲು ನರೆತರೂ ಇಳಿದಿರಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತು ಅಳಿಯಂದ್ರೆ." ಇಷ್ಟೇ ಮಾತು. ಇನ್ನು ಆ ಅರ್ಧ ಲೇಖನದಲ್ಲಿ, ಎಣ್ಣೆ ಬಳಸುವಾಗ ಸುತ್ತಲೂ ಶಾಂತವಾಗಿರಬೇಕೆಂದು ಬೇರೆ ಬರೆದಿತ್ತು. ಚಿಕ್ಕಪ್ಪ ರೇಡಿಯೊದ ತಂತಿ ಕಿತ್ತರು. ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ನಾವೆಲ್ಲ ಬೆರಳ ತುದಿಯಲ್ಲಿ ನಡೆಯುತ್ತ, ಕಣ್ಣಿನಲ್ಲೇ ಸಾರು ಬಡಿಸಿ, ಕಣ್ಣಿನಲ್ಲೇ ಸಾಕು ಎನ್ನುವುದನ್ನು ಕಲಿತೆವು. ಆ ಮೌನದಲ್ಲಿ ಅಜ್ಜಿ ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಮೊದಲಿಗಿಂತ ಹೆಚ್ಚಾಗಿಯೇ ಎಚ್ಚರವಾಗಿರುತ್ತಿದ್ದರು.

"ಹೇಗಿತ್ತು ಅತ್ತೆ?" ಎಂದು ಚಿಕ್ಕಪ್ಪ ಬೆಳಿಗ್ಗೆ ಪಿಸುಗುಟ್ಟಿದರು.

"ಚೆನ್ನಾಗಿತ್ತು ಅಳಿಯಂದ್ರೆ. ಸೋಪಿನ ಅಂಗಡೀಲಿ ಕೂತಿದ್ದ ಹಾಗಿತ್ತು."

ಚಿಕ್ಕಪ್ಪ ಸೋಲುವ ಆಸಾಮಿಯಲ್ಲ. ಎರಡು ಹನಿ ಇದ್ದದ್ದು ಒಂದು ಚಮಚವಾಯಿತು. ಲ್ಯಾವೆಂಡರಿನ ಜೊತೆಗೆ ಮರುಗ ಬಂತು. ಮರುಗದ ಬೆನ್ನಿಗೆ ಲಾವಂಚದ ಬೇರು ಬಂತು. ಅದನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟಿ, ಹಿಂದೆ ಫ್ಯಾನು ಇಟ್ಟರು. ಮಜ್ಜಿಗೆಹುಲ್ಲನ್ನು ಕುದಿಸಿದ ನೀರು ಬೋಗುಣಿಗಳಲ್ಲಿ ಮನೆತುಂಬ ನಿಂತಿತು. ನಾನು ತರಬೇತಿಗೆ ಹೋದರೆ ಸಹಪಾಠಿಗಳು ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂರುತ್ತಿದ್ದರು. ವಾಸನೆ ಬಾಗಿಲ ಸಂದಿಯಿಂದ ನುಸುಳಿ, ಮೆಟ್ಟಿಲಿಳಿದು, ಬೀದಿಯ ತಿರುವಿನವರೆಗೂ ಹೋಗಿ ನಿಲ್ಲುತ್ತಿತ್ತು. ಮನೆ ಹುಡುಕಿಕೊಂಡು ಬರುವ ನೆಂಟರಿಗೆ ವಿಳಾಸ ಹೇಳುವ ಕಷ್ಟ ತಪ್ಪಿತು.

ನಮ್ಮ ಮೇಲಿನ ಮಹಡಿಯಲ್ಲಿ ಟೈಲರ್ ಇದ್ದರು. ಒಂದು ಮಧ್ಯಾಹ್ನ ಅವರು ಹೊಲಿಗೆ ಯಂತ್ರದ ಮೇಲೇ ತೂಕಡಿಸಿ, ಯಾರದೋ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟರು. ನಿಜ ಹೇಳಬೇಕೆಂದರೆ, ಅಜ್ಜಿ ನಸುಕಿನಲ್ಲಿ ಪಾತ್ರೆ ಉಜ್ಜುವ ಸದ್ದಿಗೆ ಆ ಮನುಷ್ಯ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೆ ಚಿಕ್ಕಪ್ಪನಿಗೆ ಈ ಸುದ್ದಿ ಕೇಳಿ ಕುಣಿದಾಡುವಂತಾಯಿತು.

"ನೋಡಿದ್ಯಾ! ಮೇಲಿನ ಮಹಡಿಗೂ ಮುಟ್ಟಿದೆ ಅಂದ್ರೆ ಎಣ್ಣೆ ಒಳ್ಳೇದೇ. ಅತ್ತೆಗೆ ಪ್ರಮಾಣ ಸಾಲ್ತಿಲ್ಲ ಅಷ್ಟೆ!" ಎಂದು ಮೆಟ್ಟಿಲ ಮೇಲೆ ನಿಂತೇ ಕೂಗಿದರು. ಮನೆಯೊಳಗೆ ಪಿಸುಗುಟ್ಟುತ್ತಿದ್ದ ದಿನಗಳವು. ಉಳಿದ ಗಂಟಲನ್ನೆಲ್ಲ ಅವರು ಮೆಟ್ಟಿಲ ಮೇಲೆ ಬಳಸುತ್ತಿದ್ದರು. "ಈ ವಾರದೊಳಗೆ ಅತ್ತೇನ ಮಲಗಿಸದಿದ್ರೆ ನಾನು ಮೀಸೆ ಬೋಳಿಸ್ತೀನಿ!"

ಟೈಲರ ಹೆಂಡತಿ ಮೇಲಿನ ಕಂಬಿಗೆ ಬಟ್ಟೆ ಒಣಹಾಕುತ್ತಿದ್ದರು. ಕೈಯಲ್ಲಿದ್ದ ಪಂಚೆ ಹಾಗೆಯೇ ನಿಂತಿತು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಟೈಲರಮ್ಮ ಎನ್ನುತ್ತಿದ್ದರು. ಗಂಡ ಬಟ್ಟೆ ಹೊಲಿದರೆ ಇವರು ಸುದ್ದಿ ಹೊಲಿಯುತ್ತಿದ್ದರು; ಇವರ ಹೊಲಿಗೆಯೇ ಹೆಚ್ಚು ಗಟ್ಟಿ. ಅವತ್ತೇ ಚಿಕ್ಕಮ್ಮನನ್ನು ನಲ್ಲಿಯ ಹತ್ತಿರ ಹಿಡಿದರು.

"ಏನಮ್ಮಾ, ನಿಮ್ಮ ಯಜಮಾನ್ರು ನಿಮ್ಮ ತಾಯಿಗೆ ಏನೋ ಮಾಡ್ತಿದಾರಂತಲ್ಲ?"

ಚಿಕ್ಕಮ್ಮನಿಗೆ ಎಣ್ಣೆಯ ಸುದ್ದಿ ಎತ್ತಿದರೆ ಸಾಕು, ತಲೆ ಸಿಡಿಯುತ್ತಿತ್ತು. "ಏನೇನೋ ಹಾಕ್ತಿದಾರೆ ಕಣ್ರೀ. ಏನು ಹಾಕಿದ್ರೂ ಅಮ್ಮ ಜಗ್ತಾ ಇಲ್ಲ. ನನಗಂತೂ ಸಾಕಾಗಿಹೋಗಿದೆ. ಒಂದ್ಸಲ ಕಣ್ಣು ಮುಚ್ಚಿದ್ರೆ ಎಲ್ಲರಿಗೂ ನೆಮ್ಮದಿ" ಎಂದು ಕೊಡ ಎತ್ತಿಕೊಂಡು ಹೋದರು.

ಟೈಲರಮ್ಮ ಬೆಚ್ಚಿದರು. ಸಂಜೆ ಸಕ್ಕರೆ ಕಡ ಕೇಳುವ ನೆಪದಲ್ಲಿ ಇಳಿದು ಬಂದು, ನಮ್ಮ ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟರು. ಒಳಗೆ ಚಿಕ್ಕಪ್ಪ ಅಜ್ಜಿಯ ಮೂಗಿನ ಕೆಳಗೆ ಹತ್ತಿಯ ಉಂಡೆ ಹಿಡಿದುಕೊಂಡು, ಅತ್ತೆಯೆದುರಿನ ಆ ಮೆಲುದನಿಯಲ್ಲಿ ಹೇಳುತ್ತಿದ್ದರು:

"ಚೂರೂ ಕಷ್ಟ ಆಗಲ್ಲ ಅತ್ತೆ. ಜೋರಾಗಿ ಎಳ್ಕೊಳ್ಳಿ… ಹಾಂ. ಕಣ್ಣು ಮುಚ್ಚಿ. ಇನ್ನು ನಿಧಾನಕ್ಕೆ ಉಸಿರು ಬಿಟ್ಟುಬಿಡಿ."

ಸಕ್ಕರೆಯ ಬಟ್ಟಲು ಮೆಟ್ಟಿಲುಗಳ ಮೇಲೆ ಠಣಠಣ ಉರುಳಿಕೊಂಡು ಕೆಳಗೆ ಹೋಯಿತು. ಅದರ ಹಿಂದೆಯೇ ಟೈಲರಮ್ಮ ಹೋದರು. ಬೀದಿಯ ಔಷಧಿ ಅಂಗಡಿಯ ಟೆಲಿಫೋನಿನಿಂದ ಅಜ್ಜಿಯ ಮಗನಿಗೆ ಕರೆ ಹೋಯಿತು: "ತಾಯಿಯ ಮುಖ ನೋಡೋ ಆಸೆ ಇದ್ರೆ ಕೂಡಲೇ ಹೊರಡಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ನಾನು ಮೇಲಿನ ಮನೆ ಟೈಲರ್ ಹೆಂಡತಿ."

ಇತ್ತ ಚಿಕ್ಕಪ್ಪ ಕಚೇರಿಯಲ್ಲಿ ತಮ್ಮ ಮೇಲಧಿಕಾರಿಯನ್ನು ಹಿಡಿದು, ಈ ಎಣ್ಣೆಯ ಪದ್ಧತಿಯನ್ನು ಸರ್ಕಾರವೇ ಜಾರಿಗೆ ತರಬೇಕೆಂದು ಊಟದ ಹೊತ್ತು ಪೂರ್ತಿ ವಿವರಿಸಿದ್ದರು. ಡಬ್ಬಿಯ ಮುಚ್ಚಳ ತೆಗೆಯಲೂ ಬಿಡುವಾಗದ ಮೇಲಧಿಕಾರಿ, "ಆರೋಗ್ಯ ಇಲಾಖೆಯವರಿಗೆ ಹೇಳ್ತೀನಿ ಕಣ್ರೀ. ಅವರೇ ಬಂದು ನೋಡ್ತಾರೆ. ಈಗ ಹೋಗಿ" ಎಂದಿದ್ದರು. ಚಿಕ್ಕಪ್ಪ ಅಂದಿನಿಂದ ಇಸ್ತ್ರಿ ಮಾಡಿದ ಅಂಗಿಯನ್ನು ಗೂಟಕ್ಕೆ ಸಿದ್ಧವಾಗಿ ನೇತುಹಾಕಿದ್ದರು.

ಆ ಭಾನುವಾರ ಬೆಳಿಗ್ಗೆ ಅಜ್ಜಿ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ಬಾಗಿಲು ದಬದಬ ಬಡಿಯಿತು. ತೆಗೆದರೆ ಅಜ್ಜಿಯ ಮಗ. ಅವನ ಹಿಂದೆ ಹೆಡ್ ಕಾನ್‌ಸ್ಟೇಬಲ್. ಅವರ ಹಿಂದೆ ಮೂಗಿಗೆ ಕರವಸ್ತ್ರ ಹಿಡಿದ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು. ಅವರ ಹಿಂದೆ, ತಾನು ಸುಮ್ಮನೆ ಈ ಕಡೆ ಬಂದೆ ಎನ್ನುವ ಮುಖ ಮಾಡಿಕೊಂಡು ಟೈಲರಮ್ಮ.

"ಅಮ್ಮಾ! ಇದೀಯಾ?" ಎಂದು ಮಗ ಕಿರುಚಿದ.

"ಇಲ್ದೆ ಎಲ್ಲಿಗೆ ಹೋಗ್ಲಿ? ಚಪ್ಪಲಿ ಆಚೆ ಬಿಟ್ಟು ಬಾ" ಎಂದರು ಅಜ್ಜಿ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ಯಾರೋ ವಯಸ್ಸಾದವರ ಮೇಲೆ ಏನೋ ಪ್ರಯೋಗ ಮಾಡ್ತಿದಾರೆ ಅಂತ ನಮ್ಮ ಇಲಾಖೆಗೆ ತಿಳಿದುಬಂದಿದೆ."

ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಚಿಕ್ಕಪ್ಪ ಒಳಗಿನಿಂದ ಓಡಿಬಂದರು. ಮುಖದಲ್ಲಿ ಬಹುಮಾನ ಪಡೆಯಲು ವೇದಿಕೆ ಹತ್ತುವವರ ಕಳೆ. "ನಾನೇ ಸಾರ್! ನಾನೊಬ್ಬನೇ. ಇದರಲ್ಲಿ ಬೇರೆ ಯಾರ ಕೈಯೂ ಇಲ್ಲ."

ಹೆಡ್ ಕಾನ್‌ಸ್ಟೇಬಲ್ ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಸರಾಗವಾದ ತಪ್ಪೊಪ್ಪಿಗೆ ಕೇಳಿರಲಿಲ್ಲ. "ನಿಮ್ಮ ಹೆಂಡತಿಗೆ ಗೊತ್ತಾ?" ಎಂದರು.

"ಮೊದಮೊದಲು ಬೇಡ ಬೇಡ ಅಂದಳು ಸಾರ್. ಈಗ ಸುಮ್ಮನಾಗಿದಾಳೆ."

"ಎಷ್ಟು ಹಾಕ್ತಿದೀರಿ?"

"ಶುರುವಿಗೆ ಎರಡೇ ಹನಿ. ಏನೂ ಆಗಲಿಲ್ಲ. ಗಟ್ಟಿ ಜೀವ ಸಾರ್, ಅಷ್ಟು ಸುಲಭಕ್ಕೆ ಬಗ್ಗೋದಲ್ಲ. ಆಮೇಲೆ ಜಾಸ್ತಿ ಮಾಡ್ಕೊಂಡು ಬಂದೆ."

"ಜಾಸ್ತಿ ಮಾಡಿದ್ಯಾ? ನನ್ನ ತಾಯಿಗೆ?" ಎಂದು ಮಗ ಮುಷ್ಟಿ ಬಿಗಿದ.

"ಇನ್ನೇನು ಮಾಡ್ಲಿ ಭಾವ? ನಿಮ್ಮ ಮನೇಲಿದ್ದಾಗ ನೀವೇ ಒಂದು ಕೈ ನೋಡಿದ್ರೆ ನನಗೆ ಇಷ್ಟು ಶ್ರಮ ಇರ್ತಿರಲಿಲ್ಲ. ನಿಮಗೆ ಮನಸ್ಸಿರಲಿಲ್ಲ, ನಾನು ಮಾಡ್ತಿದೀನಿ."

ಟೈಲರಮ್ಮ ಗೋಡೆಗೆ ಒರಗಿದರು. ಚಿಕ್ಕಮ್ಮ ಏನಾಗುತ್ತಿದೆ ಎಂದು ತಿಳಿಯದೆ, ಬಂದವರಿಗೆ ಕೊಡಲು ಕಾಫಿಗೆ ಎಷ್ಟು ಲೋಟ ಬೇಕೆಂದು ಎಣಿಸುತ್ತಿದ್ದರು. ಇನ್ಸ್‌ಪೆಕ್ಟರು ಅಜ್ಜಿಯ ಕಡೆ ಬಗ್ಗಿ, "ಅಮ್ಮಾ, ಹೆದರಬೇಡಿ. ನಿಮಗೇನು ತೊಂದರೆ ಇದ್ರೂ ಹೇಳಿ" ಎಂದರು.

"ತೊಂದರೆ ಏನಿಲ್ಲಪ್ಪ. ಅಳಿಯಂದ್ರು ಚೆನ್ನಾಗೇ ನೋಡ್ಕೋತಾರೆ. ಮೂಗು ಮಾತ್ರ ಒಂಚೂರು ಉರಿಯುತ್ತೆ."

ಇನ್ಸ್‌ಪೆಕ್ಟರು ಸೀಸೆ ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಆ ಮನೆಯಲ್ಲಿ ಈವರೆಗೆ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿಬಿಟ್ಟರು: "ಇದು ಹೇಗ್ರೀ ಕೆಲಸ ಮಾಡುತ್ತೆ?"

ಚಿಕ್ಕಪ್ಪನ ಎದೆ ಅರಳಿತು. ಅತ್ತೆ ಎದುರಿಗಿದ್ದಾರೆ ಎಂಬುದೇ ಮರೆತುಹೋಯಿತು. "ಕೂತ್ಕೊಳ್ಳಿ ಸಾರ್" ಎಂದು ತಾವು ನಿಂತರು.

"ಮೊದಲು ಗಿಡದಿಂದ ಬರೋಣ. ಗಿಡ ಯಾಕೆ ಸಾರ್ ವಾಸನೆ ಬಿಡಬೇಕು? ಅದಕ್ಕೇನು ಕರ್ಮ? ದುಂಬಿಗೆ. ದುಂಬಿ ಬರಲಿ ಅಂತ. ಈಗ ನಾವು ದುಂಬಿ ಅಲ್ಲ. ಅಲ್ವಾ? ಆದರೂ ನಮಗೂ ಮೂಗಿದೆ. ಮೂಗು ಅಂದ್ರೇನು? ಎರಡು ಕೊಳವೆ. ನಮ್ಮ ಕಚೇರಿಯಲ್ಲಿ ಮುಖ್ಯ ಕೊಳವೆ, ಉಪಕೊಳವೆ ಅಂತ ಮಾಡ್ತೀವಿ ನೋಡಿ, ಹಾಗೇ. ಲಿನಾಲೂಲ್ ಈ ಕೊಳವೆಯಲ್ಲಿ ಹೊರಡುತ್ತೆ. ಹೊರಟು ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಆದರೆ ಅಲ್ಲೊಂದು ತಿರುವಿದೆ ಸಾರ್…"

ತಿರುವು ಬಂತು. ತಿರುವಿನ ಆಚೆ ಇನ್ನೊಂದು ತಿರುವಿತ್ತು. ಚಿಕ್ಕಪ್ಪನ ದನಿ ಮೆಲ್ಲಗೆ ತನ್ನ ಹಳೆಯ ಹಾದಿ ಹಿಡಿಯಿತು. ಏರಿಲ್ಲ, ಇಳಿವಿಲ್ಲ, ತುಂಬಿದ ಕಾಲುವೆಯಲ್ಲಿ ನೀರು ಹರಿದಂತೆ. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇನ್ಸ್‌ಪೆಕ್ಟರು ಎರಡು ಸಲ ಏಳಲು ನೋಡಿ, ವಾಕ್ಯದ ಕೊನೆ ಸಿಗದೆ ಮತ್ತೆ ಕೂತರು. ಕಾಫಿ ಬಂತು, ಆರಿತು. ಮರುಗ ಮುಗಿದು ಲಾವಂಚದ ಬೇರು ಶುರುವಾಗುವ ಹೊತ್ತಿಗೆ ಏನೋ ಸದ್ದಾಯಿತು. ಅಜ್ಜಿಯ ಮಡಿಲಿನ ಮೊರ ಓರೆಯಾಗಿ, ಹಸಿರು ಬಟಾಣಿಗಳು ನೆಲದ ಮೇಲೆಲ್ಲ ಉರುಳಿದವು. ಅಜ್ಜಿಯ ತಲೆ ಎದೆಗೆ ಇಳಿದಿತ್ತು. ಕೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದಿತ್ತು.

"ಅಯ್ಯೋ, ಹೋಗಿಬಿಟ್ರು!" ಎಂದು ಟೈಲರಮ್ಮ ಚೀರಿದರು.

"ಅಮ್ಮಾ!" ಎಂದು ಮಗ ಅಲ್ಲೇ ಮಂಡಿಯೂರಿದ.

ನಾನು ಓಡಿಹೋಗಿ ನಾಡಿ ಹಿಡಿದೆ. ಕಲಿತದ್ದು ಆಗಿನ್ನೂ ಸ್ವಲ್ಪವೇ. ಆದರೂ ಅಷ್ಟು ನೆಮ್ಮದಿಯಾದ ನಾಡಿಯನ್ನು ಆಮೇಲೂ ನಾನು ಹೆಚ್ಚು ಕಂಡಿಲ್ಲ. "ಏನೂ ಆಗಿಲ್ಲ, ನಿದ್ದೆ ಬಂದಿದೆ ಅಷ್ಟೆ!" ಎಂದೆ. ಆ ಗಲಾಟೆಯಲ್ಲಿ ನನ್ನ ಮಾತು ಕೇಳಿದವರು ಚಿಕ್ಕಪ್ಪ ಒಬ್ಬರೇ. ಅವರು ಎರಡೂ ಕೈ ಮೇಲಕ್ಕೆತ್ತಿ, "ಆಯ್ತು! ಕೊನೆಗೂ ಆಯ್ತು! ನಿಮ್ಮೆಲ್ಲರ ಎದುರಿಗೇ ಆಯ್ತು ಸಾರ್!" ಎಂದು ಕುಣಿದರು.

ಹೆಡ್ ಕಾನ್‌ಸ್ಟೇಬಲ್ ಅವರ ಮಣಿಕಟ್ಟನ್ನು ಗಬಕ್ಕನೆ ಹಿಡಿದರು. ಆಗ ಮಾತ್ರ ಚಿಕ್ಕಪ್ಪನ ಬಾಯಿ ನಿಂತಿತು. ಕಾನ್‌ಸ್ಟೇಬಲ್ ಮುಖ ನೋಡಿದರು, ಭಾವನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು. ಎಲ್ಲ ಒಟ್ಟಿಗೆ ಅರ್ಥವಾದಂತಾಗಿ ಮುಖ ಬಿಳುಚಿಕೊಂಡಿತು. ನಡುಮನೆಯಲ್ಲಿ ಒಂದು ಉಸಿರಿನ ಸದ್ದೂ ಇರಲಿಲ್ಲ.

ಅಜ್ಜಿ ಕಣ್ಣು ಬಿಟ್ಟರು.

"ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೆ?" ಎಂದರು. "ಬೇರಿನ ಹತ್ರ ಬಂದಿದ್ರಿ."

ಅಜ್ಜಿ ಕಣ್ಣುಜ್ಜಿಕೊಂಡು, ಚೆಲ್ಲಿದ ಬಟಾಣಿಯನ್ನೂ ಕಾನ್‌ಸ್ಟೇಬಲ್ ಹಿಡಿದಿದ್ದ ಅಳಿಯನ ಕೈಯನ್ನೂ ನೋಡಿ, "ಅವರ ಕೈ ಬಿಡಪ್ಪ" ಎಂದರು. ಆಮೇಲೆ ನಾಚಿದವರಂತೆ ಹೇಳಿದರು:

"ನಮ್ಮ ಯಜಮಾನ್ರು ಪಂಪು ರಿಪೇರಿ ಮಾಡ್ತಿದ್ರಲ್ಲ. ದಿನಾ ಮಲಗಿದ ಮೇಲೆ ಅವತ್ತು ಬಿಚ್ಚಿದ ಪಂಪಿನ ಕಥೆ ಹೇಳೋರು. ವಾಷರ್ ಹೀಗಿತ್ತು, ನಟ್ಟು ಹಾಗಿತ್ತು ಅಂತ. ಒಂದಕ್ಷರ ನನಗೆ ತಿಳೀತಿರಲಿಲ್ಲ. ಹಾಂ ಹೂಂ ಅನ್ತಾ ಅನ್ತಾನೇ ನಿದ್ದೆ ಹೋಗಿಬಿಡ್ತಿದ್ದೆ. ಅವರು ಹೋದ ಮೇಲೆ ಎಲ್ಲರೂ ನನ್ನ ಹತ್ರ ತಿಳಿಯೋ ಮಾತೇ ಆಡ್ತಾರೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಾಗಿಲು ಹಾಕ್ದ್ಯಾ. ತಿಳಿಯೋ ಮಾತಿಗೆ ಎಲ್ಲಾದ್ರೂ ನಿದ್ದೆ ಬರುತ್ತಾ?"

ಮಗ ನೆಲ ನೋಡುತ್ತ ಬಟಾಣಿ ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಕೂಡ ಆರಿಸಿದರು. ಇನ್ಸ್‌ಪೆಕ್ಟರು ಸೀಸೆಗೆ ಮುಚ್ಚಳ ಹಾಕಿ, "ವಿಷ ಅಲ್ಲ. ಆದರೆ ಕಿಟಕಿ ತೆಗೀರಿ" ಎಂದು ತೀರ್ಪು ಕೊಟ್ಟರು. ಟೈಲರಮ್ಮ ಆರಿದ ಕಾಫಿಯನ್ನು ಬಿಸಿ ಮಾಡಿ ತರುತ್ತೇನೆಂದು ಯಾರೂ ಹೇಳದೆಯೇ ಅಡುಗೆಮನೆಗೆ ಹೋದರು.

ಎಲ್ಲರೂ ಹೋದ ಮೇಲೆ ಚಿಕ್ಕಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಜೈಲಿನಿಂದ ತಪ್ಪಿಸಿಕೊಂಡ ಸಂತೋಷ ಅವರಿಗಿರಲಿಲ್ಲ. ಅಷ್ಟು ದಿನ ಕಷ್ಟಪಟ್ಟು ಕಟ್ಟಿದ ಶಾಸ್ತ್ರದಲ್ಲಿ ಎಣ್ಣೆಯ ಪಾಲು ಏನೂ ಇಲ್ಲ, ತಮ್ಮ ಕೊರೆತದ ಪಾಲೇ ಎಲ್ಲ ಎಂದು ಗೊತ್ತಾದರೆ ಯಾವ ಗಂಡಸಿಗೆ ತಾನೇ ಹಿತವಾದೀತು? "ಹಾಗಾದ್ರೆ ಎಣ್ಣೆ ದಂಡ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಅಜ್ಜಿ ಅದನ್ನು ಕೇಳಿಸಿಕೊಂಡರು. "ಯಾರು ಹೇಳಿದ್ದು? ಎಣ್ಣೆಯಿಂದಲೇ ನಿದ್ದೆ ಬಂದಿದ್ದು ಅಳಿಯಂದ್ರೆ. ಆದರೆ ಅದನ್ನ ಹಾಕೋವಾಗ ಅದರ ವಿಷಯ ಸ್ವಲ್ಪ ಹೇಳ್ತಾ ಇರಿ. ಸುಮ್ಮನೆ ಹಾಕಿದ್ರೆ ಅದಕ್ಕೆ ಹಿಡಿಯಲ್ಲ."

ಅವತ್ತು ಸಂಜೆ ಅಜ್ಜಿ ತಮ್ಮ ಚೀಲ ಬಿಚ್ಚಿ, ಸೀರೆಗಳನ್ನು ಚಿಕ್ಕಮ್ಮನ ಬೀರುವಿನಲ್ಲಿ ಜೋಡಿಸಿದರು.

ಆಮೇಲಿನ ವರ್ಷಗಳಲ್ಲಿ ಆ ಮನೆಯಲ್ಲಿ ಊಟವಾದ ಮೇಲೆ ಚಿಕ್ಕಪ್ಪ ಅಜ್ಜಿಯ ದಿಂಬಿಗೆ ಎರಡು ಹನಿ ಹಾಕಿ, ಪಕ್ಕದಲ್ಲಿ ಕೂತು, ಶುರು ಮಾಡುತ್ತಿದ್ದರು. ಗಿಡಗಳು ಮುಗಿದವು, ಕೊಳವೆಗಳು ಬಂದವು. ಕೊಳವೆಗಳು ಮುಗಿದಾಗ ಮೋಡ, ಉಪ್ಪು, ಅಂಚೆಚೀಟಿ, ಸೇತುವೆ ಬಂದವು. ನಡುಮನೆಯಲ್ಲಿ ಚಿಕ್ಕಮ್ಮ, ಮುಂದಿನ ಕೋಣೆಯಲ್ಲಿ ನಾನು, ಮೇಲೆ ತೆಳು ಗೋಡೆಯ ಪುಣ್ಯದಿಂದ ಟೈಲರ್ ದಂಪತಿ, ಎಲ್ಲರೂ ಆ ದನಿಯ ಮೇಲೇ ತೇಲಿಕೊಂಡು ನಿದ್ದೆಗೆ ಹೋಗುತ್ತಿದ್ದೆವು. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಆ ಕಟ್ಟಡ ಬಿಟ್ಟೆ. ದಪ್ಪ ಗೋಡೆಯ ಮನೆಯಲ್ಲಿ ನಿದ್ದೆ ಬಾರದೆ ಹೊರಳಾಡುವಾಗೆಲ್ಲ, ಈಗ ಯಾವ ವಿಷಯ ನಡೆಯುತ್ತಿರಬಹುದು ಎಂದುಕೊಳ್ಳುತ್ತಿದ್ದೆ.

ಅಜ್ಜಿ ತೀರಿಕೊಂಡ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಚಿಕ್ಕಪ್ಪ ಪೇಟೆಗೆ ಹೋಗಿದ್ದರು. ಅಜ್ಜಿಯ ಮಂಚದ ಪಕ್ಕದ ಗೂಡಿನಲ್ಲಿ ಸೀಸೆ ಇತ್ತು. ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ಬೆರಳ ಮೇಲೆ ಹಾಕಿ ನೋಡಿದೆ, ಬರೀ ನೀರು.

"ಆ ಎಣ್ಣೆ ಅಂಗಡಿಗೆ ಬರೋದು ನಿಂತು ಎಷ್ಟೋ ವರ್ಷ ಆಯ್ತು" ಎಂದರು ಚಿಕ್ಕಮ್ಮ, ಬಟ್ಟೆ ಮಡಿಚುತ್ತ. "ನಿಮ್ಮ ಚಿಕ್ಕಪ್ಪ ಅಮ್ಮನಿಗೆ ತಿಳಿಯದ ಹಾಗೆ ನೀರು ತುಂಬಿಸಿಟ್ಟಿದ್ರು. ಅಮ್ಮನಿಗೆ ಮೊದಲ ದಿನವೇ ತಿಳಿದಿತ್ತು. 'ಇವತ್ತಿನ ಎಣ್ಣೆ ತುಂಬಾ ಘಮ ಇದೆ ಅಳಿಯಂದ್ರೆ' ಅಂತ ದಿನಾ ಹೇಳೋಳು. ಇವರು ಹಿಗ್ಗಿ ಇನ್ನರ್ಧ ಗಂಟೆ ಹೆಚ್ಚು ಮಾತಾಡೋರು."

ನಾನು ಸೀಸೆಯನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದೆ.

"ಮುಚ್ಚಳ ಹಾಕೇ" ಎಂದರು ಚಿಕ್ಕಮ್ಮ. "ಪರಿಮಳ ಹೋಗಿಬಿಡುತ್ತೆ."